ಹಳೆಯ ಲೇಖನಿ, ಹೊಸ ಅವತಾರ

ಹುಬ್ಬಳ್ಳಿ-ಧಾರವಾಡದ ಹಿರಿಯರು ಅನೇಕರು ಒಂದು ಕಾಲಕ್ಕೆ ಜೇಬಿನಲ್ಲಿ ಅಭಿಮಾನದಿಂದ ಧರಿಸುತ್ತಿದ್ದ ‘ಪಾರ್ಕರ್ 51’ ಲೇಖನಿಯು 1941ರಲ್ಲಿ ಅಮೆರಿಕೆಯಲ್ಲಿ ಮಾರುಕಟ್ಟೆಗೆ ಬಂದಿತು. 2021ರಲ್ಲಿ ಅದೇ ಹೆಸರಿನಿಂದ ಅದಕ್ಕೆ ಮರುಹುಟ್ಟು ದೊರೆಯಿತು. ಸಂಗ್ರಾಹಕರಲ್ಲಿ ಹಲವರು ಹರ್ಷಿಸುವ ಬದಲು ಗೊಣಗಿದರು. ಇದು ಕೇವಲ ಹಳೆಯದರ ಮೋಹವೆ?

ಹಳೆಯ ಪೆನ್ನಿನ ನಿಬ್ಬು ಚಿನ್ನದ್ದು. ಬೇಗ ಒಣಗುವ ಶಾಯಿ ನಿಬ್ಬಿನ ಮೇಲೆಯೇ ಆರದಿರಲೆಂದು ಅದನ್ನು ಮುಸುಕಿನೊಳಗೆ ಅಡಗಿಸಿದ್ದರು. ಒಳಗಿನ ಸಣ್ಣ ಗರಿಗಳು ಹೆಚ್ಚಾದ ಶಾಯಿಯನ್ನು ಹಿಡಿದಿಡುತ್ತಿದ್ದವು. ಮುಚ್ಚಳವನ್ನು ಎಳೆದರೆ ಸಾಕು, ಬರವಣಿಗೆಗೆ ತೊಡಗಬಹುದಿತ್ತು. ಹೊಸದರ ಮುಚ್ಚಳವನ್ನು ತಿರುಗಿಸಿ ತೆಗೆಯಬೇಕು. ಕಡಿಮೆ ಬೆಲೆಯ ಮಾದರಿಯ ನಿಬ್ಬು ಉಕ್ಕಿನದು. ಶಾಯಿಗೆ ಕಾರ್ಟ್ರಿಜ್ ಇಲ್ಲವೆ ಕನ್ವರ್ಟರ್. ಆಕಾರ ಉಳಿಯಿತು, ಅದರ ಹಿಂದಿನ ಕೌಶಲ ತೆಳುವಾಯಿತು ಎಂಬ ಆಕ್ಷೇಪ ನ್ಯಾಯವಾದುದೇ.

ಆದರೂ ಬಾಲ್‌ಪೆನ್ನಿನಲ್ಲೇ ಪಳಗಿದ ಕೈಗೆ ಶಾಯಿಯ ರುಚಿ ಹತ್ತಿಸಲು ಹೊಸದು ಸಾಕು. ಹಳೆಯದು ಮನೆಯಲ್ಲಿದ್ದವರು ಅದನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸಬೇಡಿರಿ. 1948ರಿಂದೀಚಿನ ಮಾದರಿಯಾದರೆ ಒಳಗಿನ ಚೀಲ ಬಲು ಬಾಳಿಕೆಯದು. ತಣ್ಣೀರನ್ನು ಹಲವು ಸಲ ತುಂಬಿ ಚೆಲ್ಲಿ ತೊಳೆಯಿರಿ. ಬಹುಶಃ ಇಂದಿಗೂ ಬರೆದೀತು. ವಾರಕ್ಕೊಂದು ಪತ್ರವನ್ನಾದರೂ ಅದರಿಂದ ಬರೆಯಿರಿ.