ಕಿಸೆಯ ಪತ್ತಾಯವೂ ಅದರ ಬೀಗದಕೈಯೂ

(ಸಂಘದ ವಾರ್ಷಿಕ ಮಹಾಸಭೆಯಲ್ಲಿ ದಾಖಲೆ ಉಪಸಮಿತಿಯ ಪರವಾಗಿ ಮಾಡಿದ ಭಾಷಣದ ಬರಹರೂಪ)



ಶಾಲೆಯ ದಾಖಲೆಗಳನ್ನು ಇಡುವುದಕ್ಕಾಗಿ ಒಂದು ಸಂಚಾರಿ ಎಸ್.ಎಸ್.ಡಿ.ಯನ್ನು ಕೊಳ್ಳಬೇಕೆಂದೂ, ಅದಕ್ಕೆ ಹಾಕತಕ್ಕ ಗೂಢಲಿಪಿಯ ಬೀಗವು ನಂಬಿಕೆಗೆ ಯೋಗ್ಯವೇ ಎಂಬುದನ್ನು ಪರೀಕ್ಷಿಸಿ ತಿಳಿಸಬೇಕೆಂದೂ ಕಳೆದ ಮಹಾಸಭೆಯು ನಮ್ಮ ಉಪಸಮಿತಿಗೆ ಅಪ್ಪಣೆ ಮಾಡಿತ್ತು. ಎರಡು ವಾಕ್ಯಗಳ ವರದಿಯನ್ನು ಓದಿ ಕುಳಿತುಬಿಡುವುದು ಸುಲಭ. ಆದರೆ ಇದು ಅಂಗಡಿಯ ಬೆಲೆಪಟ್ಟಿಯನ್ನು ನೋಡಿ ತೀರ್ಮಾನಿಸತಕ್ಕ ವಿಷಯವಲ್ಲವಾದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಅರಿಕೆ ಮಾಡಿಕೊಳ್ಳಲು ಅನುಮತಿ ಬೇಡುತ್ತೇವೆ.

ಮೊದಲು ನಮ್ಮ ಮನೆಯ ನಷ್ಟವನ್ನೇ ಹೇಳಿಬಿಡುತ್ತೇವೆ. ನಮ್ಮ ಹಿಂದಿನ ಕಾರ್ಯದರ್ಶಿಗಳನ್ನು ನಿಮ್ಮಲ್ಲಿ ಹೆಚ್ಚಿನವರು ಬಲ್ಲಿರಿ. ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳಿಗೆ ಒರಲೆ ಹಿಡಿಯುತ್ತಿರುವುದನ್ನು ಎಲ್ಲರಿಗಿಂತ ಮೊದಲು ಕಂಡವರು ಅವರು. ಎರಡು ಬೇಸಗೆ ರಜೆಗಳನ್ನು ಅದಕ್ಕಾಗಿಯೇ ಮುಡಿಪಿಟ್ಟು, ಪುಟ ಪುಟವನ್ನೂ ಸ್ಕ್ಯಾನ್ ಮಾಡಿ, ಮಕ್ಕಳ ಜಾತಿ, ಜನ್ಮದಿನಾಂಕ, ಹೆತ್ತವರ ಹೆಸರು ಮುಂತಾದುವು ಕಂಡಕಂಡವರ ಕೈಗೆ ಸಿಗಬಾರದೆಂದು ಆ ಕಡತಗಳನ್ನೆಲ್ಲ ಒಂದು ಗಂಟು ಕಟ್ಟಿ ಪಾಸ್‌ವರ್ಡ್ ಹಾಕಿದರು. ಅವರು ಮಾಡಿದುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಒಂದು ಆಟಿ ತಿಂಗಳಲ್ಲಿ ಅವರು ಹಠಾತ್ತಾಗಿ ತೀರಿಕೊಂಡರು. ಪಾಸ್‌ವರ್ಡು ಅವರ ಸಂಗಡವೇ ಹೋಯಿತು. ಮೂಲ ಪುಸ್ತಕಗಳು ಅಷ್ಟರೊಳಗೆ ಮಣ್ಣಾಗಿದ್ದುವು.

ಆ ಗಂಟನ್ನು ಇಂದು ಕಂಪ್ಯೂಟರಿನಲ್ಲಿ ತೆರೆಯಹೋದರೆ ಒಳಗಿನ ಕಡತಗಳ ಹೆಸರುಗಳು ಸಾಲಾಗಿ ಕಾಣಿಸುತ್ತವೆ. ಯಾವ ವರ್ಷ, ಎಷ್ಟನೆಯ ಪುಟ ಎಂಬುದೆಲ್ಲ ತಿಳಿಯುತ್ತದೆ. ಪುಟ ಮಾತ್ರ ತೆರೆಯದು. ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು, ಈಗ ವೃದ್ಧೆ, ತಾವು ಇದೇ ಶಾಲೆಯಲ್ಲಿ ಕನ್ನಡದಲ್ಲಿ ಓದಿದುದಕ್ಕೆ ಆಧಾರಪತ್ರ ಬೇಕೆಂದು ಬಂದಾಗ, ಅವರ ವರ್ಷದ ಪುಟದ ಹೆಸರನ್ನು ಪರದೆಯ ಮೇಲೆ ತೋರಿಸಿ ಬರಿಗೈಯಲ್ಲಿ ಕಳುಹಿಸಬೇಕಾಯಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಈ ಕಾಸರಗೋಡಿನಲ್ಲಿ ಕನ್ನಡ ಶಾಲೆಯ ದಾಖಲಾತಿ ಪುಸ್ತಕವೆಂದರೆ ಏನೆಂಬುದನ್ನು ಈ ಸಭೆಗೆ ನಾವು ಬಿಡಿಸಿ ಹೇಳಬೇಕಾದುದಿಲ್ಲ.

ಇನ್ನು ಕೊಂಡ ವಸ್ತುವಿನ ವಿಚಾರ. ಇದು ಅಂಗೈಗಿಂತ ಚಿಕ್ಕದು, ತೂಕವೂ ಅಲ್ಪ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಯೊಂದು ತಿರುಗುತ್ತಿತ್ತು, ಸೂಜಿಯೊಂದು ಅದರ ಮೇಲೆ ಓಡಾಡುತ್ತಿತ್ತು. ಕೈಜಾರಿ ಬಿದ್ದರೆ ಎಲ್ಲ ಮುಗಿಯಿತು. ಇದರಲ್ಲಿ ಚಲಿಸುವ ಭಾಗವೊಂದೂ ಇಲ್ಲ. ಜಪಾನಿನ ತೋಶಿಬಾ ಸಂಸ್ಥೆಯಲ್ಲಿದ್ದ ಫುಜಿಯೋ ಮಸುವೋಕಾ ಎಂಬವರು 1980ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಶ್ ಸ್ಮೃತಿಯೇ ಇದರ ತಿರುಳು. ಲೆಕ್ಕವಿಲ್ಲದಷ್ಟು ಸೂಕ್ಷ್ಮ ಕೋಶಗಳಲ್ಲಿ ವಿದ್ಯುದಂಶವನ್ನು ಕೂಡಿಹಾಕುವುದೇ ಅದರ ಬರವಣಿಗೆ.

ಪೊಟ್ಟಣದ ಮೇಲೆ 1 ಟಿ.ಬಿ. ಎಂದಿದ್ದು ಕಚೇರಿಯ ಕಂಪ್ಯೂಟರಿನಲ್ಲಿ 931 ಎಂದು ತೋರಿದಾಗ, ವ್ಯಾಪಾರಿ ಮೋಸಮಾಡಿದನೆಂದು ನಮ್ಮ ಖಜಾಂಚಿಗಳು ಒಂದು ಹಗಲೆಲ್ಲ ಕಳವಳಪಟ್ಟರು. ಮೋಸವಿಲ್ಲ. ಕಾರ್ಖಾನೆಯವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಸೇರು ಬೇರೆ, ಅಕ್ಕಿ ಅಷ್ಟೇ. ಆದರೆ ಬರಿದೇ ದೊಡ್ಡ ಸಂಖ್ಯೆಯನ್ನು ತೋರಿಸಿ ಒಳಗೆ ಚಿಕ್ಕ ಚಿಪ್ಪನ್ನಿಟ್ಟು ಮಾರುವ ಕಳ್ಳಮಾಲು ಪೇಟೆಯಲ್ಲಿ ಧಾರಾಳವಾಗಿ ಇದೆ. ಆದುದರಿಂದ ಮೊದಲ ದಿನವೇ ಪೆಟ್ಟಿಗೆಯನ್ನು ಕಂಠಪೂರ್ತಿ ತುಂಬಿಸಿ, ತುಂಬಿದುದನ್ನು ಪುನಃ ಓದಿ ತಾಳೆ ನೋಡಿದೆವು. ಹೊಂದಿತು. ವೇಗದ ವಿಚಾರದಲ್ಲಿ ಜಾಹೀರಾತನ್ನು ನಂಬಿದವರಿಗೆ ನಿರಾಶೆ ಕಾದಿದೆ. ಸೆಕೆಂಡಿಗೆ 1,000 ಎಂ.ಬಿ. ಎಂಬ ಮಾತು ಹೊಸ ಕಂಪ್ಯೂಟರಿಗೆ ಸಂಬಂಧಿಸಿದ್ದು. ಕಚೇರಿಯ ಹಳೆಯ ಕಂಪ್ಯೂಟರಿನ ಯು.ಎಸ್.ಬಿ. 2 ಕಿಂಡಿಯಲ್ಲಿ ಯಾವ ಪೆಟ್ಟಿಗೆಯಾದರೂ 40ರ ಆಸುಪಾಸನ್ನು ಮೀರದು. ನಮಗೆ ಅದು ಸಾಕು. ಪುಟವೊಂದಕ್ಕೆ 5 ಎಂ.ಬಿ. ಎಂದು ಹಿಡಿದರೂ ಇದರಲ್ಲಿ 2 ಲಕ್ಷ ಪುಟಗಳು ಹಿಡಿಸುತ್ತವೆ.

ಬೀಗದ ವಿಚಾರಕ್ಕೆ ಬರುತ್ತೇವೆ. ನಮಗೆ ಹೆಚ್ಚು ದಿನ ಹಿಡಿದದ್ದು ಇದೇ.

ಪೊಟ್ಟಣದ ಮೇಲೆ ‘ಎ.ಇ.ಎಸ್. 256’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಇದು ಸುಳ್ಳಲ್ಲ. ಬೆಲ್ಜಿಯಮಿನ ಯೋವಾನ್ ದಾಮನ್, ವಿನ್ಸೆಂಟ್ ರೈಮನ್ ಎಂಬ ಇಬ್ಬರು ರಚಿಸಿದ ಗೂಢಲಿಪಿ ವಿಧಾನವನ್ನು ಅಮೆರಿಕ ಸರಕಾರವು 2001ರಲ್ಲಿ ತನ್ನ ಅಧಿಕೃತ ಮಾನದಂಡವಾಗಿ ಸ್ವೀಕರಿಸಿತು. ಅದರಲ್ಲಿ ಸಾಧ್ಯವಾದ ಬೀಗದಕೈಗಳ ಸಂಖ್ಯೆಯನ್ನು ಬರೆಯಲು 78 ಅಂಕಿಗಳು ಬೇಕು. ಒಂದೊಂದನ್ನೇ ಹಾಕಿ ನೋಡಿ ತೆರೆಯುವೆನೆಂಬ ಕಳ್ಳನಿಗೆ ಸೂರ್ಯನ ಆಯುಸ್ಸೂ ಸಾಲದು. ಆದರೆ, ಮಹನೀಯರೇ, ನಮ್ಮ ಹಿರಿಯರ ಮನೆಗಳಲ್ಲಿ ಭತ್ತ ತುಂಬುವ ಪತ್ತಾಯವಿರುತ್ತಿತ್ತಲ್ಲವೇ? ಹಲಸಿನ ಮರದ ದಪ್ಪ ಹಲಗೆ, ಕಮ್ಮಾರ ಬಡಿದ ಗಟ್ಟಿ ಬೀಗ, ಎಲ್ಲವೂ ಸರಿ. ಬೀಗದಕೈಯನ್ನು ಮಾತ್ರ ಪತ್ತಾಯದ ಹಿಂದಿನ ಮೊಳೆಗೆ ತೂಗಹಾಕಿದ್ದರೆ ಹಲಗೆಯ ದಪ್ಪವನ್ನು ಹೊಗಳಿ ಪ್ರಯೋಜನವೇನು?

ಇದು ಬರಿಯ ಉಪಮೆಯಲ್ಲ. ನೆದರ್ಲೆಂಡ್ಸ್ ದೇಶದ ರಾಡ್‌ಬೌಡ್ ವಿಶ್ವವಿದ್ಯಾನಿಲಯದ ಕಾರ್ಲೊ ಮೇಯರ್, ಬರ್ನಾರ್ಡ್ ವಾನ್ ಗಾಸ್ಟೆಲ್ ಎಂಬ ಸಂಶೋಧಕರು, ತಾವೇ ಗೂಢಲಿಪಿ ಮಾಡಿಕೊಳ್ಳುವ ಹಲವು ಎಸ್.ಎಸ್.ಡಿ.ಗಳನ್ನು ಬಿಚ್ಚಿ ನೋಡಿ 2018ರ ನವೆಂಬರಿನಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕ್ರೂಷಿಯಲ್ ಕಂಪೆನಿಯ ಕೆಲವು ಮಾದರಿಗಳೂ ಸ್ಯಾಮ್‌ಸಂಗ್ ಕಂಪೆನಿಯ ಕೆಲವು ಮಾದರಿಗಳೂ, ಅವುಗಳೊಳಗೆ ಟಿ3, ಟಿ5 ಎಂಬ ಸಂಚಾರಿ ಪೆಟ್ಟಿಗೆಗಳೂ ಆ ಪರೀಕ್ಷೆಗೆ ಒಳಗಾಗಿದ್ದುವು. ಅವರು ಕಂಡ ದೋಷವು ಗೂಢಲಿಪಿಯದಾಗಿರಲಿಲ್ಲ. ಹಲವು ಮಾದರಿಗಳಲ್ಲಿ ಒಡೆಯನು ಕೊಡುವ ಪಾಸ್‌ವರ್ಡಿಗೂ ಒಳಗಿನ ನಿಜವಾದ ಬೀಗದಕೈಗೂ ಸಂಬಂಧವೇ ಇರಲಿಲ್ಲ. ಪಾಸ್‌ವರ್ಡನ್ನು ಕೇಳುತ್ತಿದ್ದುದು ಬಾಗಿಲ ಬಳಿಯ ಕಾವಲುಗಾರನಂತಿದ್ದ ಒಂದು ಸಣ್ಣ ಕ್ರಮವಿಧಿ. ಬೀಗದಕೈ ಅವನ ಬೆನ್ನ ಹಿಂದೆಯೇ ಇತ್ತು. ಆ ಕ್ರಮವಿಧಿಯನ್ನು ತಿದ್ದಿ ಕಾವಲುಗಾರನ ಬಾಯಿ ಮುಚ್ಚಿಸಿದರೆ ಯಾವ ಪಾಸ್‌ವರ್ಡಾದರೂ ಸರಿಯೇ. ಸ್ಯಾಮ್‌ಸಂಗಿನವರು ಸಂಚಾರಿ ಪೆಟ್ಟಿಗೆಗಳಿಗೆ ಒಳಗಿನ ಕ್ರಮವಿಧಿಯನ್ನು ತಿದ್ದಿಕೊಳ್ಳಲು ಸೂಚಿಸಿದರು. ಇಂಥ ಡ್ರೈವುಗಳ ಬೀಗವನ್ನೇ ನೆಚ್ಚಿಕೊಳ್ಳುತ್ತಿದ್ದ ಮೈಕ್ರೋಸಾಫ್ಟಿನ ಬಿಟ್‌ಲಾಕರ್ 2019ರ ಸೆಪ್ಟೆಂಬರಿನಿಂದ, ಹೊಸದಾಗಿ ಬೀಗ ಹಾಕುವಾಗ, ತನ್ನದೇ ಗೂಢಲಿಪಿಯನ್ನು ಬಳಸುವಂತೆ ಬದಲಾಯಿತು.

ನಾವು ಕೊಂಡ ಪೆಟ್ಟಿಗೆಯಲ್ಲಿ ಇದೇ ದೋಷವುಂಟೆಂದು ನಾವು ಹೇಳುವುದಿಲ್ಲ. ಉಂಟೋ ಇಲ್ಲವೋ ಎಂದು ನೋಡಲು ಕೊಂಡವನಿಗೆ ದಾರಿಯಿಲ್ಲ ಎಂಬುದೇ ನಮ್ಮ ಆಕ್ಷೇಪ. ಬೀಗದ ರಚನೆಯೆಲ್ಲ ಶತ್ರುವಿಗೆ ತಿಳಿದಿದ್ದರೂ ಬೀಗದಕೈಯೊಂದು ಗುಟ್ಟಾಗಿದ್ದರೆ ಸಾಕಾಗುವಂತಿರಬೇಕು ಎಂಬ ಸೂತ್ರವನ್ನು ಕೆರ್ಕೋಫ್ಸ್ ಎಂಬ ಪಂಡಿತನು 1883ರಷ್ಟು ಹಿಂದೆಯೇ ಹೇಳಿದ್ದಾನೆ.

ಎರಡನೆಯ ತೊಡಕು ಇನ್ನೂ ಮನೆಗೆಲಸದ್ದು. ಕೇರಳದ ಶಾಲೆಗಳಲ್ಲಿ ‘ಕೈಟ್’ ಸಂಸ್ಥೆಯು ಒದಗಿಸುವ ಲಿನಕ್ಸ್ ವ್ಯವಸ್ಥೆಯೇ ಕಂಪ್ಯೂಟರುಗಳಲ್ಲಿರುವುದೆಂಬುದು ತಮಗೆ ತಿಳಿದೇ ಇದೆ. ನಮ್ಮ ಪೆಟ್ಟಿಗೆಯ ಬೀಗ ತೆರೆಯಲು ಕಂಪೆನಿಯವರು ಕೊಟ್ಟ ತಂತ್ರಾಂಶವು ಅದರಲ್ಲಿ ನಡೆಯದು. ಬೀಗ ಹಾಕಿದ ಪೆಟ್ಟಿಗೆಯನ್ನು ಪ್ರಯೋಗಾಲಯದ ಕಂಪ್ಯೂಟರಿಗೆ ಚುಚ್ಚಿದರೆ, ಆ ತಂತ್ರಾಂಶವಿರುವ ಗೇಣುದ್ದದ ಜಾಗವೊಂದು ಕಾಣುತ್ತದೆಯೇ ಹೊರತು ನಮ್ಮ ಕಡತಗಳು ಕಾಣವು.

ಆದುದರಿಂದ ಪೆಟ್ಟಿಗೆಯ ಸ್ವಂತ ಬೀಗವನ್ನು ಬಿಟ್ಟು ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶವನ್ನು ಆರಿಸಿಕೊಂಡೆವು. ಅದು ಲಿನಕ್ಸಿನಲ್ಲಿಯೂ ವಿಂಡೋಸಿನಲ್ಲಿಯೂ ಒಂದೇ ಬಗೆಯಾಗಿ ತೆರೆಯುತ್ತದೆ. ಅದರ ಮೂಲಪಾಠ ಎಲ್ಲರ ಕಣ್ಣಿಗೂ ತೆರೆದಿದೆ. 2016ರಲ್ಲಿ ಫ್ರಾನ್ಸಿನ ಕ್ವಾರ್ಕ್ಸ್‌ಲ್ಯಾಬ್ ಸಂಸ್ಥೆಯವರು ಅದನ್ನು ಪರಿಶೋಧಿಸಿ ಗಂಭೀರ ದೋಷಗಳನ್ನೇ ಕಂಡರು, ಪ್ರಕಟಿಸಿದರು. ಬಹುಪಾಲು ಕೂಡಲೇ ತಿದ್ದಲ್ಪಟ್ಟುವು. ದೋಷ ಕಂಡಿತೆಂಬುದನ್ನೇ ನಾವು ಅದರ ಪರವಾದ ಸಾಕ್ಷಿಯೆಂದು ಎಣಿಸಿದ್ದೇವೆ. ಇದಲ್ಲದೆ, ಅದು ಕಡತಗಳ ಹೆಸರನ್ನೂ ಒಳಗೇ ಮುಚ್ಚುತ್ತದೆ. ಹೆಸರು ಮಾತ್ರ ಕಾಣುವ ಕಡತದ ಸಂಕಟವನ್ನು ಉಂಡವರು ನಾವು. ಕಳ್ಳನಿಗಾದರೋ ಆ ಹೆಸರುಗಳೇ ಎಷ್ಟೋ ಸಮಾಚಾರವನ್ನು ಹೇಳಿಬಿಡುತ್ತವೆ. ಅನನುಕೂಲವೂ ಉಂಟು. ಪ್ರಯೋಗಾಲಯದಲ್ಲಿ ಪ್ರತಿ ಸಲ ತೆರೆಯುವಾಗಲೂ ಕಂಪ್ಯೂಟರಿನ ಮೇಲ್ವಿಚಾರಕ ಉಪಾಧ್ಯಾಯರು ಬಂದು ತಮ್ಮ ಪಾಸ್‌ವರ್ಡನ್ನೂ ಕೊಡಬೇಕಾಗುತ್ತದೆ. ಅವರು ಈಗಲೇ ಗೊಣಗುತ್ತಿದ್ದಾರೆ.

ಹಾಳುಮಾಡಿಯೂ ನೋಡಿದೆವು. ಪರೀಕ್ಷೆಗೆಂದು ಮಾಡಿದ ಒಂದು ಸಂಪುಟದ ತಲೆಭಾಗವನ್ನು ಬೇಕೆಂದೇ ಕೆಡಿಸಿದಾಗ, ಸರಿಯಾದ ಪಾಸ್‌ವರ್ಡಿಗೂ ಅದು ತೆರೆಯಲೊಲ್ಲದೆ ಹೋಯಿತು. ಬೀಗದಕೈಯನ್ನು ಸುತ್ತಿಟ್ಟಿರುವುದು ಆ ತಲೆಭಾಗದಲ್ಲಿ. ಸಂಪುಟದ ಕೊನೆಯಲ್ಲಿ ಅದರ ನಕಲೊಂದು ಇರುವುದರಿಂದ ಅದನ್ನು ಬಳಸಿ ತೆರೆದೆವು. ಆ ಐದು ನಿಮಿಷ ನಮ್ಮ ಅಂಗೈ ಬೆವತಿತ್ತು. ಕಾಗದದ ಪುಸ್ತಕಕ್ಕೆ ಒರಲೆ ಹಿಡಿದರೆ ನಾಲ್ಕು ಪುಟ ಹೋಗುತ್ತದೆ, ನಾನ್ನೂರು ಉಳಿಯುತ್ತದೆ. ಇಲ್ಲಿ ತಲೆಭಾಗದ ನಾಲ್ಕು ಸಾಲು ಹೋದರೆ ನಾನ್ನೂರು ಪುಟವೂ ಹೋದಂತೆಯೇ. ಆ ತಲೆಭಾಗದ ಇನ್ನೊಂದು ನಕಲನ್ನು ಬೇರೆಯಾಗಿ ತೆಗೆದಿಟ್ಟಿದ್ದೇವೆ.

ಇಂಥ ಪೆಟ್ಟಿಗೆಯಲ್ಲಿ ಅಳಿಸಿದುದು ಅಳಿಯುವುದೆಂಬ ನಂಬಿಕೆಯಿಲ್ಲ. ಕೋಶಗಳು ಸಮನಾಗಿ ಸವೆಯಲೆಂದು ಅದು ಹೊಸ ಬರಹವನ್ನು ಬೇರೆ ಜಾಗದಲ್ಲಿ ಬರೆಯುತ್ತದೆ. ಹಳೆಯದು ಮೂಲೆಯಲ್ಲಿ ಉಳಿದಿರಬಹುದು. ಆದಕಾರಣ ಮೊದಲು ಬೀಗದ ಸಂಪುಟವನ್ನು ಮಾಡಿ, ಆಮೇಲೆಯೇ ಮಕ್ಕಳ ದಾಖಲೆಗಳನ್ನು ಒಳಗಿಟ್ಟೆವು.

ಏನಕ್ಕೆ ಬೀಗ, ಏನಕ್ಕೆ ಬೇಡ ಎಂಬ ವಿಚಾರದಲ್ಲಿ ಉಪಸಮಿತಿಯಲ್ಲಿ ಜಗಳವೇ ನಡೆಯಿತು. ಎಲ್ಲಕ್ಕೂ ಹಾಕೋಣವೆಂದರು ಕೆಲವರು. ನಮ್ಮ ಬಹುಮತದ ಅಭಿಪ್ರಾಯ ಬೇರೆ. ಇಂದಿನ ಮಕ್ಕಳ ಆಧಾರ್ ಸಂಖ್ಯೆ, ವಿದ್ಯಾರ್ಥಿವೇತನದ ಬ್ಯಾಂಕ್ ಖಾತೆ, ಜಾತಿ, ಕಾಯಿಲೆಯ ವಿವರ ಇವು ಬೀಗದೊಳಗೆ ಇರಲೇಬೇಕು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಅಧಿನಿಯಮವೂ 18 ವರ್ಷಕ್ಕೆ ಕೆಳಗಿನವರ ವಿವರಗಳಿಗೆ ವಿಶೇಷ ರಕ್ಷಣೆ ಹೇಳುತ್ತದೆ. ಆದರೆ ವಾರ್ಷಿಕ ಸಂಚಿಕೆಗಳು, ನಾಟಕದ ಭಾವಚಿತ್ರಗಳು, ಸಭೆಯ ಭಾಷಣಗಳು ಇವಕ್ಕೇಕೆ ಬೀಗ? ಅವು ಎಷ್ಟು ಮನೆಗಳಲ್ಲಿ ಹರಡಿಕೊಂಡರೆ ಅಷ್ಟು ಕ್ಷೇಮ. ಪೆಟ್ಟಿಗೆಯ ಅರ್ಧವನ್ನು ತೆರೆದೇ ಬಿಟ್ಟಿದ್ದೇವೆ.

ಬಾಳಿಕೆಯ ಮಾತು. ಕೋಶದೊಳಗಿನ ವಿದ್ಯುದಂಶ ಕಾಲಕ್ರಮದಲ್ಲಿ ಸೋರುತ್ತದೆ. ಶಾಖ ಹೆಚ್ಚಿದಷ್ಟೂ ಬೇಗ. ತನ್ನ ಬರಹದ ಆಯುಸ್ಸನ್ನು ಪೂರ್ತಿ ಸವೆಸಿದ ಸಾಮಾನ್ಯ ಎಸ್.ಎಸ್.ಡಿ.ಯು ವಿದ್ಯುತ್ತಿಲ್ಲದೆ 30 ಡಿಗ್ರಿ ಶಾಖದಲ್ಲಿ ಒಂದು ವರ್ಷ ನೆನಪಿಟ್ಟುಕೊಂಡರೆ ಸಾಕೆಂಬುದು ಕೈಗಾರಿಕಾ ಮಾನದಂಡ. ಹೊಸದು ಅದಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ. ಆದರೂ ಬೀರುವಿನಲ್ಲಿಟ್ಟು ಮರೆಯತಕ್ಕ ವಸ್ತು ಇದಲ್ಲ. ಮೂರು ತಿಂಗಳಿಗೊಮ್ಮೆ ತೆಗೆದು, ಓದಿ, ತಾಳೆ ನೋಡಬೇಕು. ಎರಡನೆಯ ಪೆಟ್ಟಿಗೆಯೊಂದನ್ನು ಬೇರೆ ಊರಿನಲ್ಲಿ ಇಡಬೇಕು. ಅದರ ಖರ್ಚಿಗೆ ಸಭೆಯ ಮಂಜೂರಾತಿಯನ್ನು ಇಂದೇ ಕೇಳುತ್ತೇವೆ. ಸ್ಕ್ಯಾನ್ ಆಯಿತೆಂದು ಕಾಗದದ ಪುಸ್ತಕಗಳನ್ನು ಯಾರೂ ಹೊರಗೆಸೆಯಬಾರದು.

ಕೊನೆಗೆ ಪಾಸ್‌ವರ್ಡು. ಶಾಲೆಯ ಹೆಸರನ್ನೂ ಸ್ಥಾಪನೆಯ ವರ್ಷವನ್ನೂ ಕೂಡಿಸಿದರೆ ನೆನಪಿಡಲು ಸುಲಭವೆಂದು ಸೂಚಿಸಿದವರಿಗೆ, ಅದು ಶಾಲೆಯ ಕಮಾನಿನ ಮೇಲೆಯೇ ಬರೆದಿದೆಯೆಂದು ನೆನಪಿಸಿದೆವು. ದಾಳ ಹಾಕಿ ನಿಘಂಟಿನಿಂದ ಪರಸ್ಪರ ಸಂಬಂಧವಿಲ್ಲದ ಆರು ಕನ್ನಡ ಪದಗಳನ್ನು ತೆಗೆದಿದ್ದೇವೆ. ಬೇರೆಬೇರೆ ಕಂಪ್ಯೂಟರುಗಳಲ್ಲಿ ಕನ್ನಡ ಕೀಲಿಮಣೆಯು ಬೇರೆಬೇರೆಯಾದುದರಿಂದ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಾಯಿತು. ದೀರ್ಘಕ್ಕೆ ಒಂದು ‘ಎ’ಯೋ ಎರಡೋ ಎಂಬುದರ ಮೇಲೆ ಕನ್ನಡ ಪಂಡಿತರಿಗೂ ಗಣಿತದ ಉಪಾಧ್ಯಾಯರಿಗೂ ಒಂದು ಸಂಜೆಯೆಲ್ಲ ಚರ್ಚೆ ನಡೆಯಿತು, ತೀರ್ಮಾನವಾದ ಕಾಗುಣಿತವನ್ನು ಅಕ್ಷರಶಃ ಎರಡು ಕಾಗದಗಳಲ್ಲಿ ಬರೆದು, ಅರಗಿನ ಮುದ್ರೆ ಒತ್ತಿ, ಒಂದನ್ನು ಬ್ಯಾಂಕಿನ ಪೆಟ್ಟಿಗೆಯಲ್ಲಿಯೂ ಇನ್ನೊಂದನ್ನು ಅಧ್ಯಕ್ಷರ ವಶದಲ್ಲಿಯೂ ಇಟ್ಟಿದ್ದೇವೆ. ಪಾಸ್‌ವರ್ಡನ್ನು ಬರೆದಿಡಬಾರದೆಂದು ಪುಸ್ತಕಗಳಲ್ಲಿ ಓದಿದವರು ಆಕ್ಷೇಪಿಸಬಹುದು. ಬರೆದಿಡದೆ ಆದುದನ್ನು ಈ ಸಂಘ ಕಂಡಿದೆ. ಪ್ರತಿ ಮಹಾಸಭೆಯ ಹಿಂದಿನ ದಿನ ಒಂದು ಲಕೋಟೆಯನ್ನು ಒಡೆದು, ಪೆಟ್ಟಿಗೆ ತೆರೆಯುವುದೋ ಎಂದು ನೋಡಿ, ಪುನಃ ಮುದ್ರೆ ಹಾಕುವುದೆಂದು ನಿಶ್ಚಯಿಸಿದ್ದೇವೆ. ನಿನ್ನೆ ಮೊದಲ ಸಲ ಹಾಗೆ ಮಾಡಿದೆವು, ತೆರೆಯಿತು.

ದಿವಂಗತ ಕಾರ್ಯದರ್ಶಿಗಳ ಆ ಗಂಟನ್ನು ನಾವು ಅಳಿಸಿಲ್ಲ. ಹಾಗೆಯೇ ಹೊಸ ಪೆಟ್ಟಿಗೆಗೆ ನಕಲು ಮಾಡಿಟ್ಟಿದ್ದೇವೆ. ಅವರ ಮನೆಯವರು ಡೈರಿಗಳನ್ನು ದೊಡ್ಡ ಮನಸ್ಸಿನಿಂದ ನಮಗೆ ಕೊಟ್ಟು, ಕಂಡ ಪದಗಳನ್ನೆಲ್ಲ ಪ್ರಯತ್ನಿಸಲು ಬಿಟ್ಟರು. ಇದುವರೆಗೆ ಫಲವಾಗಿಲ್ಲ. ಸಭಿಕರಲ್ಲಿ ಯಾರಿಗಾದರೂ ಅವರು ಆ ಕೆಲಸದ ಕುರಿತು ಬರೆದ ಕಾಗದವೋ ಚೀಟಿಯೋ ಬಂದಿದ್ದರೆ, ಅಥವಾ ಅವರು ಬಾಯಿಮಾತಿನಲ್ಲಿ ಏನಾದರೂ ಹೇಳಿದ ನೆನಪಿದ್ದರೆ, ದಯಮಾಡಿ ಕಚೇರಿಗೆ ತಿಳಿಸಬೇಕೆಂದು ಬೇಡುತ್ತೇವೆ.