ಟ್ರಂಪೆಟ್ ಕೆಳಗಿಟ್ಟ ಕಂಡಕ್ಟರ್

ಕಂಡಕ್ಟರ್ ಅಂದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಕಂಕುಳಲ್ಲಿ ಚರ್ಮದ ಚೀಲ ಇಟ್ಟುಕೊಂಡು "ಮುಂದೆ ಹೋಗ್ರೀ, ಮುಂದೆ ಹೋಗ್ರೀ" ಅನ್ನುವ ಬಸ್ಸಿನವರೇ. ನಿಮಗೆ ಹಾಗಲ್ಲ. ನಿಮ್ಮಲ್ಲಿ ಎಷ್ಟೋ ಜನ ಶಾಲೆಯ ಬ್ಯಾಂಡಿನಲ್ಲಿ ಕೂತು, ಕೋಲು ಹಿಡಿದ ಕಂಡಕ್ಟರನ್ನು ನೋಡಿಯೇ ಬೆಳೆದವರು.

ಈ ಮಾತು ಯಾಕೆ ಬಂತೆಂದರೆ, ನಮ್ಮ ರೇಡಿಯೋ ಕೆಲಸಕ್ಕೆ ಕೈಜೋಡಿಸುವ ಹುಡುಗನೊಬ್ಬ ಮೊನ್ನೆ, "ಆಂಟಿ, ಟ್ಯೂಬಾ ಬಿಟ್ಟುಬಿಡ್ತೀನಿ" ಅಂದ. ಯಾಕಪ್ಪಾ ಅಂದರೆ, "ನುಡಿಸೋದಕ್ಕಿಂತ ಸುಮ್ಮನೆ ಕೂತು ಎಣಿಸೋದೇ ಜಾಸ್ತಿ." ಅವನ ದೂರು ಸುಳ್ಳಲ್ಲ. ದ್ವೊರಾಕ್ ಬರೆದ 'ನ್ಯೂ ವರ್ಲ್ಡ್' ಸಿಂಫನಿ ಸುಮಾರು 40 ನಿಮಿಷದ್ದು. ಅಷ್ಟರಲ್ಲಿ ಟ್ಯೂಬಾದ ಪಾಲಿಗೆ ಬರುವುದು ಬರೀ 14 ಸ್ವರ!

ಅವನಿಗೆ ನಾನು ಜೆರಾರ್ಡ್ ಶ್ವಾರ್ಟ್ಜ್ ಕಥೆ ಹೇಳಿದೆ. ಅವರು 1947ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದವರು. ಅಪ್ಪ ಅಮ್ಮ ಆಸ್ಟ್ರಿಯಾದಿಂದ ಬಂದವರು, ಅಂದರೆ ಅವರೂ ನಿಮ್ಮ ಹಾಗೆ ವಲಸೆ ಬಂದವರ ಮನೆಯ ಹುಡುಗ. ಚಿಕ್ಕಂದಿನಲ್ಲೇ ಟ್ರಂಪೆಟ್ ಹಿಡಿದರು. ಜೂಲಿಯಾರ್ಡ್‌ನಲ್ಲಿ ಕಲಿತು, ಇನ್ನೂ ಇಪ್ಪತ್ತರ ಹರೆಯದಲ್ಲೇ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ ಪ್ರಧಾನ ಟ್ರಂಪೆಟ್ ವಾದಕರಲ್ಲಿ ಒಬ್ಬರಾದರು. ಅಂಥ ಕುರ್ಚಿ ಸಿಕ್ಕರೆ ನಿವೃತ್ತಿಯವರೆಗೂ ಯಾರೂ ಏಳುವುದಿಲ್ಲ. ಇವರು 1977ರಲ್ಲಿ, ಮೂವತ್ತು ತುಂಬುವ ಹೊತ್ತಿಗೆ, ಎದ್ದುಬಿಟ್ಟರು. ಕಂಡಕ್ಟರ್ ಆಗಬೇಕಿತ್ತು. ನಮ್ಮ ಮನೆಗಳಲ್ಲಾಗಿದ್ದರೆ ಎಷ್ಟು ರಾದ್ಧಾಂತವಾಗುತ್ತಿತ್ತು, ನೀವೇ ಊಹಿಸಿ.

ಮುಂದೆ 1985ರಿಂದ 2011ರವರೆಗೆ ಸಿಯಾಟಲ್ ಸಿಂಫನಿಯ ಸಂಗೀತ ನಿರ್ದೇಶಕರಾದರು. 1998ರಲ್ಲಿ ಆ ವಾದ್ಯವೃಂದಕ್ಕೆ ಬೆನರೋಯಾ ಹಾಲ್ ಎಂಬ ಸ್ವಂತ ನೆಲೆಯಾದದ್ದೂ ಅವರ ಕಾಲದಲ್ಲೇ. ನನಗೆ ಹೆಚ್ಚು ಇಷ್ಟವಾಗುವುದು ಅವರ ಇನ್ನೊಂದು ಕೆಲಸ. ನಾರ್ತ್ ಕೆರೊಲೈನಾದ ಗ್ರೀನ್ಸ್‌ಬರೋದಲ್ಲಿ ಬೇಸಿಗೆಯಲ್ಲಿ ನಡೆಯುತ್ತಿದ್ದ ಈಸ್ಟರ್ನ್ ಮ್ಯೂಸಿಕ್ ಫೆಸ್ಟಿವಲ್‌ನಲ್ಲಿ ಎಷ್ಟೋ ವರ್ಷ ನಿಮ್ಮ ವಯಸ್ಸಿನವರ ಜೊತೆ ಕೆಲಸ ಮಾಡಿದರು. ಆಮೇಲೆ ಮಯಾಮಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಆರ್ಕೆಸ್ಟ್ರಾಕ್ಕೆ ಮೇಷ್ಟ್ರಾದರು. ಅವರ ಆಲ್-ಸ್ಟಾರ್ ಆರ್ಕೆಸ್ಟ್ರಾದ ಪಾಠಗಳು ಖಾನ್ ಅಕಾಡೆಮಿಯಲ್ಲಿ ಪುಕ್ಕಟೆ ಸಿಗುತ್ತವೆ.

ಟ್ರಂಪೆಟ್‌ಗೂ ಈ ಕೋಲಿಗೂ ಏನು ನಂಟು? ನನ್ನ ಊಹೆ ಇಷ್ಟು. ಪಿಟೀಲಿನವರಿಗೆ ಬಿಡುವೇ ಇಲ್ಲ, ತಮ್ಮ ಸಾಲಿನಲ್ಲೇ ಮುಳುಗಿರುತ್ತಾರೆ. ಹಿಂದೆ ಕೂತ ಹಿತ್ತಾಳೆ ವಾದ್ಯದವರು ಎಣಿಸುತ್ತ ಎಣಿಸುತ್ತ ಎಲ್ಲರದ್ದನ್ನೂ ಕೇಳಿಸಿಕೊಳ್ಳುತ್ತಾರೆ. ಓಬೋ ಎಲ್ಲಿ ಉಸಿರು ತೆಗೆದುಕೊಂಡಿತು, ಚೆಲ್ಲೋ ಎಲ್ಲಿ ತಡವಾಯಿತು, ಎಲ್ಲ ಗೊತ್ತು. ಕಂಡಕ್ಟರ್ ಕೆಲಸವೂ ಮುಕ್ಕಾಲು ಪಾಲು ಅದೇ ತಾನೆ? ಎಣಿಕೆ ತಪ್ಪಿ ಒಂದು ಮಾತ್ರೆ ಮೊದಲೇ ಊದಿದರೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ, ಸಭೆಯೆಲ್ಲ ತಿರುಗಿ ನೋಡುತ್ತದೆ. ಆ ಧೈರ್ಯವೂ ಅಲ್ಲೇ ಬರಬೇಕು.

ಹುಡುಗ ಇನ್ನೂ ಏನೂ ತೀರ್ಮಾನಿಸಿಲ್ಲ. ನಾನೂ ಒತ್ತಾಯ ಮಾಡಿಲ್ಲ. 'ನ್ಯೂ ವರ್ಲ್ಡ್'ನ ಎರಡನೇ ಭಾಗದ ಮೊದಲ ಅರ್ಧ ನಿಮಿಷ ಕೇಳು ಅಂದೆ, ಅಷ್ಟೆ. ಹಿತ್ತಾಳೆ ವಾದ್ಯಗಳು ಮೆಲ್ಲಗೆ ಏಳುವಾಗ ತೀರ ಕೆಳಗೆ, ನೆಲದಡಿಯಿಂದ ಬಂದಂತೆ ಒಂದು ದನಿ ಇದೆ. ಅದು ಟ್ಯೂಬಾ.