ಅರ್ಧ ಅಂಕದ ಹರಿಗೋಲು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



"ಸಾಫ್ಟ್‌ವೇರ್ ಅಂದ್ರೆ ಏನ್ ಕೆಲಸ ಮಾಡ್ತೀಯಪ್ಪಾ?" ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತೀರಿ. ಇವತ್ತು ಒಂದೇ ಒಂದು ಕೆಲಸದ ಕಥೆ ಹೇಳುತ್ತೇನೆ. ನಾನು ಎಲ್ಲಿ ತಪ್ಪಿದೆ, ಈ ಶಾಲೆಯ ಪಾಠ ನನ್ನನ್ನು ಹೇಗೆ ತಿದ್ದಿತು ಎಂಬುದೂ ಅದರಲ್ಲಿದೆ.

ಬಿ.ಇ. ಮುಗಿಸಿ ನಾನು ಮೊದಲು ಸೇರಿದ್ದು ಮೊಬೈಲ್ ಆಟಗಳನ್ನು ಮಾಡುವ ಒಂದು ಸಣ್ಣ ಕಂಪನಿಗೆ. ಅಲ್ಲಿ ಯೂನಿಟಿ ಎಂಬ ಗೇಮ್ ಎಂಜಿನ್ ಬಳಸುತ್ತಿದ್ದೆವು. ಚಿತ್ರ, ಬೆಳಕು, ಸದ್ದು ತೋರಿಸುವ ಭಾರ ಅದರದ್ದು; ಯಾವ ವಸ್ತು ಹೇಗೆ ನಡೆದುಕೊಳ್ಳಬೇಕೆಂದು ಸಿ ಶಾರ್ಪ್ ಭಾಷೆಯಲ್ಲಿ ಬರೆದುಕೊಡುವುದು ನಮ್ಮ ಕೆಲಸ. ನನಗೆ ಸಿಕ್ಕಿದ್ದು ಒಂದು ಹರಿಗೋಲು. ಅದು ಈ ದಡದಿಂದ ಆ ದಡಕ್ಕೆ ಹೋಗಿ ಹಿಂದಿರುಗುತ್ತಿರಬೇಕು. ಆಟಗಾರ ಅದನ್ನು ಹತ್ತಿ 8 ಸೆಕೆಂಡಿನೊಳಗೆ ಆಚೆ ದಡ ಸೇರಬೇಕು.

ಪರದೆಯ ಮೇಲಿನ ಚಲನೆ ಸಿನಿಮಾ ರೀಲಿನಂತೆ, ಒಂದಾದ ಮೇಲೊಂದು ಚಿತ್ರ. ಆ ಒಂದೊಂದು ಚಿತ್ರಕ್ಕೂ ಫ್ರೇಮ್ ಎನ್ನುತ್ತಾರೆ. ಪ್ರತಿ ಫ್ರೇಮಿಗೆ ಹರಿಗೋಲನ್ನು 0.1 ಅಳತೆ ಮುಂದೆ ಸರಿಸು ಎಂದು ಬರೆದೆ. ದಡಗಳ ನಡುವೆ 30 ಅಳತೆ ದೂರ. ನನ್ನ ಕಂಪ್ಯೂಟರಿನಲ್ಲಿ ಸೆಕೆಂಡಿಗೆ 60 ಫ್ರೇಮ್, ಅಂದರೆ 6 ಅಳತೆ. ಹರಿಗೋಲು 5 ಸೆಕೆಂಡಿಗೆ ದಡ ಮುಟ್ಟಿತು. ಖುಷಿಯಿಂದ ಊರಿನಲ್ಲಿದ್ದ ತಮ್ಮನ ಫೋನಿಗೂ ಕಳಿಸಿದೆ.

"ಅಣ್ಣಾ, ಎಷ್ಟು ಸಲ ಆಡಿದ್ರೂ ಸೋಲ್ತೀನಿ" ಎಂದ.

"ನಿಂಗೆ ಆಡೋಕೆ ಬರಲ್ಲ ಬಿಡೋ" ಎಂದು ನಕ್ಕೆ.

ಮರುವಾರ ಕಂಪನಿಯಲ್ಲಿ ಕಡಿಮೆ ಬೆಲೆಯ ಫೋನಿನಲ್ಲಿ ಪರೀಕ್ಷಿಸಿದವರೂ ಅದನ್ನೇ ಹೇಳಿದರು. ಇನ್ನೂ ಪ್ರೊಬೇಷನ್‌ನಲ್ಲಿದ್ದೆ, ಹೆದರಿಕೆ. "ಫೋನೇ ಸರಿಯಿಲ್ಲ" ಎಂದು ವಾದಿಸಿದೆ.

ಆ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕುವಾಗ ನಮ್ಮ ವಿಜ್ಞಾನದ ಮೇಷ್ಟ್ರು ನೆನಪಾದರು. ಜವದ ಲೆಕ್ಕದಲ್ಲಿ ಉತ್ತರ ಸರಿಯಿದ್ದರೂ ಏಕಮಾನ ಬರೆಯದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದರು. "ಎಷ್ಟು ದೂರ ಅಂತ ಬರೆದಿದ್ದೀಯ. ಎಷ್ಟು ಹೊತ್ತಿಗೆ ಅಂತ ಎಲ್ಲೋ?" ಎನ್ನುತ್ತಿದ್ದರು. ನನ್ನ ತಪ್ಪು ಅದೇ ಆಗಿತ್ತು. ಸೆಕೆಂಡಿಗೆ ಇಷ್ಟು ಎಂದು ಬರೆಯುವ ಬದಲು ಫ್ರೇಮಿಗೆ ಇಷ್ಟು ಎಂದು ಬರೆದಿದ್ದೆ. ತಮ್ಮನ ಫೋನು ಸೆಕೆಂಡಿಗೆ 30 ಫ್ರೇಮ್ ಮಾತ್ರ ತೋರಿಸುತ್ತಿತ್ತು. ಅವನ ಹರಿಗೋಲಿಗೆ 10 ಸೆಕೆಂಡ್ ಬೇಕು, ಆದರೆ ಗಡಿಯಾರ ಎಲ್ಲರಿಗೂ ಒಂದೇ. ಅವನು ಗೆಲ್ಲುವುದು ಸಾಧ್ಯವೇ ಇರಲಿಲ್ಲ. ಅಗ್ಗದ ಫೋನಿನವರು ಸೋಲಲೇಬೇಕಾದ ಆಟ ಬರೆದು, ಸೋತವನನ್ನೇ ಗೇಲಿ ಮಾಡಿದ್ದೆ.

ಪರಿಹಾರ ಸಣ್ಣದು. ಹಿಂದಿನ ಫ್ರೇಮಿನಿಂದ ಈ ಫ್ರೇಮಿಗೆ ಎಷ್ಟು ಸೆಕೆಂಡ್ ಕಳೆಯಿತೆಂದು ಎಂಜಿನ್ನೇ ಹೇಳುತ್ತದೆ. ಅದರ ಹೆಸರು ಡೆಲ್ಟಾ ಟೈಮ್. 6 ಅನ್ನು ಅದರಿಂದ ಗುಣಿಸಿದೆ. ನಿಧಾನದ ಫೋನಿನಲ್ಲಿ ಹೆಜ್ಜೆ ದೊಡ್ಡದು, ವೇಗದ ಫೋನಿನಲ್ಲಿ ಚಿಕ್ಕದು. ಎರಡೂ 5 ಸೆಕೆಂಡಿಗೆ ದಡಕ್ಕೆ ಬಂದವು. ಆದರೆ ನಿಲ್ಲಲಿಲ್ಲ! ದಡದ ಬಿಂದುವಿಗೆ ಸರಿಸಮ ಬಂದಾಗ ನಿಲ್ಲು ಎಂದು ಬರೆದಿದ್ದೆ. ಕೊನೆಯ ಹೆಜ್ಜೆ ಆ ಬಿಂದುವನ್ನು ದಾಟಿ, ಹರಿಗೋಲು ನೆಲದ ಮೇಲೂ ತೇಲಿಕೊಂಡು ಹೋಯಿತು. ಹಾಗಾಗಿ ಪ್ರತಿ ಸಲ ಉಳಿದ ದೂರವನ್ನು ಅಳೆಯಬೇಕು. ಅದು ಹೆಜ್ಜೆಗಿಂತ ಕಡಿಮೆಯಿದ್ದರೆ ಉಳಿದಷ್ಟೇ ಸರಿದು, ಆಮೇಲೆ ಗುರಿಯನ್ನು ಈಚೆ ದಡಕ್ಕೆ ಬದಲಿಸಬೇಕು. ಯೂನಿಟಿಯಲ್ಲಿ ಹಾಗೆ ಗುರಿ ದಾಟದಂತೆ ಸರಿಸಲು ಮೂವ್ ಟುವರ್ಡ್ಸ್ ಎಂಬ ಸಿದ್ಧ ಆಜ್ಞೆಯಿದೆ. ದೂರ ಅಳೆಯುವುದು ಮಾತ್ರ ನೀವು ಓದುತ್ತಿರುವ ಪೈಥಾಗೊರಸ್ ಪ್ರಮೇಯವೇ. ಅಡ್ಡಕ್ಕೆ 18, ಉದ್ದಕ್ಕೆ 24 ಇದ್ದರೆ ನೇರ ದೂರ 30. ಮಕ್ಕಳೇ, ಮನೆಗೆ ಹೋಗಿ ಮಾಡಿ ನೋಡಿ.

ಮರುದಿನ ಮ್ಯಾನೇಜರ್ ಮುಂದೆ ತಪ್ಪು ಫೋನಿನದಲ್ಲ, ನನ್ನದು ಎಂದು ಒಪ್ಪಿಕೊಂಡೆ. ಕೆಲಸ ಹೋಗಲಿಲ್ಲ. ತಿದ್ದಿದ ಆಟವನ್ನು ತಮ್ಮನಿಗೆ ಕಳಿಸಿದೆ. ಮೊದಲ ಸಲವೇ ದಡ ಸೇರಿ, "ಈಗ ನಂಗೆ ಆಡೋಕೆ ಬರುತ್ತಾ?" ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ಮಕ್ಕಳೇ, ಏಕಮಾನ ಬರೆಯುವುದನ್ನು ಮರೆಯಬೇಡಿ. ಯಾರಾದರೂ ಹಿಂದೆ ಬಿದ್ದರೆ ಅವರನ್ನು ನೋಡಿ ನಗುವ ಮೊದಲು, ನಾವು ಹಾಕಿದ ಲೆಕ್ಕ ಸರಿಯಿದೆಯೇ ಎಂದು ನೋಡಿಕೊಳ್ಳಿ. ಅಂದು ಅರ್ಧ ಅಂಕ ಕಳೆದಿದ್ದಕ್ಕೆ ಮೇಷ್ಟ್ರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಇವತ್ತು ಇದೇ ವೇದಿಕೆಯಿಂದ ಅವರಿಗೆ ಕೈಮುಗಿಯುತ್ತೇನೆ.